ಬಡಿಯಬಾರದ ಪೆಟ್ಟಿಗೆ

ಖಾಲಿ ಪೆಟ್ಟಿಗೆಯೊಂದರ ಮೇಲೆ ನಾನು ನಾಲ್ಕು ಪೆಟ್ಟು ಬಾರಿಸಿದ್ದೇ ತಡ, ಕಾಫಿ ಕಣದಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ಅದುವರೆಗೆ ನಗುತ್ತಿದ್ದವರು, ಮಕ್ಕಳಿಗೆ ಲಸಿಕೆ ಹಾಕಿಸಲು ಸಾಲಾಗಿ ನಿಂತಿದ್ದವರು, ಎಲ್ಲರೂ ನನ್ನ ಕೈಯನ್ನೇ ನೋಡತೊಡಗಿದರು. ನಾನು ಏನು ಮಾಡಿಬಿಟ್ಟೆ ಎಂದು ನನಗೆ ತಿಳಿಯಲಿಲ್ಲ.

ನಾನು ಗಜೇಂದ್ರಗಡದ ಕಡೆಯವಳು. ಆರೋಗ್ಯ ಸಹಾಯಕಿಯ ಕೆಲಸ ಸಿಕ್ಕಿ ಮೂಡಿಗೆರೆಯ ಈ ಜಾವಳಿ ಸೀಮೆಗೆ ಬಂದೆ. ತೋಟದ ಕೂಲಿಯವರ ಮಕ್ಕಳಿಗೆ ಲಸಿಕೆ ಹಾಕಬೇಕೆಂದರೆ ಸಂಜೆ, ಕುಯ್ದ ಕಾಫಿ ಹಣ್ಣಿನ ಅಳತೆಯ ಹೊತ್ತಿಗೇ ಹೋಗಬೇಕು. ಆಗ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಆ ತೋಟಕ್ಕೆ ನಾನು ಹೋದದ್ದು ಅಂದೇ ಮೊದಲು, ಅಳತೆ ಇನ್ನೂ ಶುರುವಾಗಿರಲಿಲ್ಲ. ಪಕ್ಕದಲ್ಲೊಂದು ಮರದ ಪೆಟ್ಟಿಗೆ ಬೋರಲು ಬಿದ್ದಿತ್ತು, ಕೈಗಳು ತಮ್ಮ ಪಾಡಿಗೆ ತಾವು ಹೋದವು.

"ಕೈ ತೆಗೀರಿ ಸಿಸ್ಟರ್," ಎಂದರು ಗಿರಿಜಮ್ಮ. ಕುಯ್ಲಿನ ಹೆಂಗಸರಲ್ಲಿ ಅವರೇ ಹಿರಿಯರು. "ಅಳತೆ ಪೆಟ್ಟಿಗೆ ಅದು. ಬಡೀಬಾರ್ದು."

"ಖಾಲಿ ಐತಲ್ರಿ?"

"ಖಾಲಿ ಆದ್ರೂ ಅಷ್ಟೆ. ಕೈಗೆ ರೂಢಿ ಬಿದ್ರೆ ನಾಳೆ ತುಂಬಿದ ಪೆಟ್ಟಿಗೆ ಮೇಲೂ ಬೀಳತ್ತೆ."

ಆಮೇಲೆ ನಿಂತು ನೋಡಿದೆ. ಒಬ್ಬೊಬ್ಬರೂ ದಿನವಿಡೀ ಕುಯ್ದ ಹಣ್ಣನ್ನು ಚೀಲದಿಂದ ಮೆಲ್ಲಗೆ, ಮಗುವಿಗೆ ನೀರು ಹೊಯ್ಯುವಷ್ಟು ಮೆಲ್ಲಗೆ, ಆ ಪೆಟ್ಟಿಗೆಗೆ ಸುರಿಯುತ್ತಿದ್ದರು. ಲೆಕ್ಕ ಬರೆಯುವ ರೈಟರ್ ಮೇಲೆ ಕೋಲೆಳೆದು ಸಮ ಮಾಡಿ ಒಂದು ಪೆಟ್ಟಿಗೆ ಎಂದು ಕೂಗುತ್ತಿದ್ದರು. ಕೂಲಿ ಪೆಟ್ಟಿಗೆಯ ಲೆಕ್ಕದಲ್ಲಿ. ಒಂದೇ ಒಂದು ಸಲ ತಟ್ಟಿದರೂ ಸಾಕು, ಹಣ್ಣು ಕೆಳಗಿಳಿದು ಮೇಲೆ ಜಾಗವಾಗುತ್ತದೆ, ಅದನ್ನು ತುಂಬಲು ಇನ್ನೆರಡು ಬೊಗಸೆ ಹಾಕಬೇಕು. ಗಿರಿಜಮ್ಮನ ತಾಯಿಯ ಕಾಲದಲ್ಲಿ ಹಾಗೆ ತಟ್ಟಿ ತಟ್ಟಿಯೇ ಅಳೆಯುವ ರೈಟರ್ ಒಬ್ಬನಿದ್ದನಂತೆ. ಹೆಂಗಸರು ಕುಯ್ಲು ಬಿಟ್ಟು ಕೂತ ಮೇಲೆ ಈ ಕಟ್ಟುಪಾಡು ಬಂತಂತೆ. ಅಂದಿನಿಂದ ಆ ಪೆಟ್ಟಿಗೆಗೆ ಯಾರ ಕೈಯೂ, ಕಾಲೂ ತಾಗುವಂತಿಲ್ಲ.

ನನಗೆ ನಮ್ಮ ಸಂತೆ ನೆನಪಾಯಿತು. ಅಲ್ಲಿ ಶೇಂಗಾ ಕೊಳ್ಳುವವರು ಸೇರನ್ನು ತಟ್ಟಿ, ಅಲುಗಿಸಿ, ಮೇಲೆ ಗೋಪುರ ಮಾಡಿಸಿಕೊಂಡೇ ಚೀಲ ಒಡ್ಡುವುದು. ತಟ್ಟದವಳು ಬುದ್ಧಿಗೇಡಿ. ನಮ್ಮೂರಿನ ಜಾಣತನ ಇಲ್ಲಿ ಕಳ್ಳತನವಾಗಿತ್ತು.

ಕೈ ಯಾಕೆ ಅಷ್ಟು ತುರಿಸುತ್ತಿತ್ತು ಎಂದು ಹೇಳಬೇಕು. ನಮ್ಮ ಸೋದರಮಾವ ಭಜನಾ ಮೇಳದಲ್ಲಿ ಡೋಲಕ್ ಬಾರಿಸುವವರು. ಚಿಕ್ಕಂದಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಕೆಲಸಕ್ಕೆ ಹೊರಟಾಗ ಒಂದು ಡೋಲಕ್ ಕೊಟ್ಟು, "ಬ್ಯಾಸರಾದಾಗ ಬಾರಿಸವ್ವ, ಊರು ಬಾಜೂಕ ಬಂದು ಕುಂದರತೈತಿ," ಎಂದಿದ್ದರು. ಇಲ್ಲಿ ಮೊದಲ ಮಳೆ ಹಿಡಿದು ಹದಿನೈದು ದಿನವಾಗಿರಲಿಲ್ಲ, ಡೋಲಕ್ಕಿನ ಚರ್ಮಕ್ಕೆ ಹಸಿರು ಬೂಷ್ಟು ಬಂತು. ಒರೆಸಿದೆ, ಒಲೆಯ ಮುಂದೆ ಹಿಡಿದೆ. ಬಾರಿಸಿದರೆ ನೆನೆದ ಗೋಣಿಚೀಲಕ್ಕೆ ಹೊಡೆದ ಹಾಗೆ ಬೊದ್ ಎನ್ನುತ್ತಿತ್ತು. ದೀಪಾವಳಿಗೆ ಊರಿಗೊಯ್ದು ಹೊಸ ಚರ್ಮ ಬಿಗಿಸಿಕೊಂಡು ಬಂದೆ. ಮರುವರ್ಷದ ಮಳೆ ಅದನ್ನೂ ತಿಂದಿತು.

ಮಳೆ ಎಂದರೆ ನಮ್ಮಲ್ಲಿ ಆಕಾಶ ನೋಡಿ ಕರೆಯುವ ವಸ್ತು. ಇಲ್ಲಿ ಅದು ಮನೆಯೊಳಗೇ ಬಂದು ಉಪ್ಪಿನ ಡಬ್ಬಿಯಲ್ಲಿ, ದಿಂಬಿನಲ್ಲಿ, ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಕೂರುತ್ತದೆ. ರೊಟ್ಟಿ ಬೇಕು ಎಂದರೆ ಅಕ್ಕಿ ರೊಟ್ಟಿ ಕೊಡುತ್ತಾರೆ. ಅದೂ ರುಚಿಯೇ, ಆದರೆ ಜೋಳದ ರೊಟ್ಟಿ ತಟ್ಟುವ ಸದ್ದಿಲ್ಲ. ಸದ್ದಿಲ್ಲದ ಮನೆಯಲ್ಲಿ ಎರಡು ಮಳೆಗಾಲ ಕಳೆದೆ. ಮೂರನೆಯ ಮಳೆಯೊಳಗೆ ಕೈಗೊಂದು ವಾದ್ಯ ಸಿಗದಿದ್ದರೆ ಹೇಗಾದರೂ ವರ್ಗ ಮಾಡಿಸಿಕೊಂಡು ಹೋಗಿಬಿಡುತ್ತೇನೆ ಎಂದು ತೀರ್ಮಾನಿಸಿದ್ದೆ.

ಆಗಲೇ ಮೂಡಿಗೆರೆಯ ಚರ್ಚಿನಲ್ಲೊಂದು ಮದುವೆ. ನಮ್ಮ ಆಸ್ಪತ್ರೆಯ ನರ್ಸಿನದು. ಮಂಗಳೂರಿನಿಂದ ಬಂದ ಹಾಡುವವರ ಗುಂಪಿನಲ್ಲಿ ಒಬ್ಬ ಮರದ ಪೆಟ್ಟಿಗೆಯ ಮೇಲೆ ಕೂತು, ಬಗ್ಗಿ, ಅದರ ಎದುರಿನ ಹಲಗೆಗೇ ಬಾರಿಸುತ್ತಿದ್ದ. ನಡುವಿಗೆ ಹೊಡೆದರೆ ಎದೆಗೆ ತಾಗುವ ಗುಂಯ್, ಅಂಚಿಗೆ ಹೊಡೆದರೆ ಚಟ್. ಚರ್ಮವೇ ಇಲ್ಲ. ಊಟಕ್ಕೆ ಕರೆದರೂ ನಾನು ಏಳಲಿಲ್ಲ. ಅದರ ಹೆಸರು ಕಹೋನ್ ಅಂತೆ, ಬಹು ದೂರದ ದೇಶದ್ದಂತೆ. ಸರಕು ತುಂಬುವ ಪೆಟ್ಟಿಗೆಗಳಿಂದಲೇ ಹುಟ್ಟಿದ ವಾದ್ಯ ಎಂದು ಅವನೇ ಹೇಳಿದ. ಕೇಳಿ ನನಗೆ ಮೈ ಜುಮ್ಮೆಂದಿತು.

ಚಿಕ್ಕಮಗಳೂರಿನ ಅಂಗಡಿಯಲ್ಲಿ ಒಂದಿತ್ತು. ಬೆಲೆ ಕೇಳಿ ಕೈ ಹಿಂದೆ ತೆಗೆದುಕೊಂಡೆ. ಅದೂ ಹೋಗಲಿ ಎಂದರೆ, ನನ್ನ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಅದನ್ನಿಟ್ಟರೆ ನಾನು ಹೊರಗೆ ನಿಲ್ಲಬೇಕು. ಇನ್ನೊಂದು ತೊಡಕು: ಅದರ ಮೇಲೆ ಕಾಲು ಅಗಲಿಸಿ ಕೂರಬೇಕು. ಸೀರೆಯುಟ್ಟು ಹಾಗೆ ಕೂತು ನೋಡಿದಾಗ ಅಂಗಡಿಯವನೇ ಬೇರೆ ಕಡೆ ತಿರುಗಿದ. ಭಜನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆಳೆದವಳು ನಾನು. ನನಗೆ ಬೇಕಾದದ್ದು ಮೊಣಕಾಲುಗಳ ನಡುವೆ ಕೂರುವ, ಮಂಚದ ಕೆಳಗೆ ಸರಿಯುವ ಪುಟ್ಟ ಪೆಟ್ಟಿಗೆ.

ಕೊಟ್ಟಿಗೆಹಾರದಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರಿಯೊಬ್ಬರಿದ್ದರು. ಕೈಯಲ್ಲಿ ಅಳತೆ ತೋರಿಸಿ ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

"ಪೆಟ್ಟಿಗೆ ಬಡಿಯೋಕೆ ಪೆಟ್ಟಿಗೆ ಮಾಡ್ಬೇಕಾ ಮಾರಾಯ್ತಿ? ಆಯ್ತು, ಮಾಡುವ. ಆದ್ರೆ ಹೊಸ ಹಲಗೆ ಬೇಡ, ಈ ಥಂಡಿಗೆ ಸೊಟ್ಟ ಆಗ್ತದೆ. ಸುಮಾರು ಮಳೆ ಕಂಡ ಹಳೇ ಪೆಟ್ಟಿಗೆ ಎಂತಾದ್ರು ಇದ್ರೆ ತನ್ನಿ, ಒಂದು ಬದಿಗೆ ತೆಳು ಪ್ಲೈವುಡ್ ಹೊಡೆದು ಕೊಡ್ತೆ."

ಅಂಥ ಪೆಟ್ಟಿಗೆ ನಾನು ಕಂಡದ್ದು ಒಂದೇ. ಅದನ್ನು ಕೇಳುವುದು ದೂರದ ಮಾತು, ನೆನೆಯುವುದಕ್ಕೂ ಹೆದರಿಕೆಯಾಯಿತು.

ಆ ಕುಯ್ಲು ಮುಗಿಯುವ ಹೊತ್ತಿಗೆ ತೋಟಕ್ಕೆ ತೂಕದ ಯಂತ್ರ ಬಂತು. ಇನ್ನು ಮೇಲೆ ಕೂಲಿ ಕೆಜಿಯ ಲೆಕ್ಕದಲ್ಲಿ. ಪೆಟ್ಟಿಗೆ ಉಗ್ರಾಣದ ಮೂಲೆ ಸೇರಿತು. ನಾನು ತೋಟದ ಯಜಮಾನರನ್ನು ಕೇಳಿದೆ. "ಸೌದೆಗೆ ಹಾಕ್ಬೇಕು ಅಂತಿದ್ದೆ, ತಗೊಂಡ್ ಹೋಗಿ ಸಿಸ್ಟರ್," ಎಂದರು. ಕಾಗದದ ಪ್ರಕಾರ ಪೆಟ್ಟಿಗೆ ಅವರದೇ ಇರಬಹುದು, ಆದರೆ ನನಗೆ ಹೊತ್ತುಕೊಂಡು ಬರಲು ಮನಸ್ಸಾಗಲಿಲ್ಲ. ಗಿರಿಜಮ್ಮನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಕಾಫಿ ಕೊಟ್ಟರು. ಆಮೇಲೆ ಮಕ್ಕಳ ಲಸಿಕೆಯ ಮಾತು ತೆಗೆದರು.

ಈ ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಗುಡ್ಡವೆಲ್ಲ ಬೆಳ್ಳಗೆ, ಕಾಫಿ ಗಿಡದ ಗೆಲ್ಲುಗೆಲ್ಲೂ ಹೂವು, ಮಲ್ಲಿಗೆಯಂಥ ವಾಸನೆ ಉಸಿರು ಕಟ್ಟಿಸುವಷ್ಟು. ನಾನು ಹಲ್ಲುಜ್ಜುವುದನ್ನು ಮರೆತು ನಿಂತೆ. ಆ ಬಿಳುಪಿನ ನಡುವಿನ ದಾರಿಯಲ್ಲಿ ಗಿರಿಜಮ್ಮ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದರು.

"ಎಲ್ರನ್ನೂ ಕೇಳ್ಬೇಕಿತ್ತು, ಅದ್ಕೆ ತಡ ಆಯ್ತು," ಎಂದು ಇಳಿಸಿದರು. "ಮಾಡಿಸ್ಕಳಿ. ಆದ್ರೆ ಮೊದ್ಲು ಕಣಕ್ಕೆ ತರ್ಬೇಕು."

ಆಚಾರಿ ಪೆಟ್ಟಿಗೆಯ ತೆರೆದ ಬಾಯಿಗೆ ತೆಳುಹಲಗೆ ಬಡಿದು, ಹಿಂಬದಿಗೆ ಅಂಗೈಯಗಲದ ತೂತು ಕೊರೆದು ಕೊಟ್ಟರು. ಒಂದು ಭಾನುವಾರ ಕಣಕ್ಕೆ ಒಯ್ದೆ. ಹೆಂಗಸರು ಸುತ್ತ ಕೂತರು, ಕೈಗಳೆಲ್ಲ ಮಡಿಲಲ್ಲಿ. ನಾನೇ ಬಾರಿಸಬಹುದಿತ್ತು, ಆದರೆ ಅದು ಸರಿಯೆನಿಸಲಿಲ್ಲ. ಪೆಟ್ಟಿಗೆಯನ್ನು ಗಿರಿಜಮ್ಮನ ಮುಂದೆ ಸರಿಸಿದೆ.

ಅವರ ಅಂಗೈ ಮೇಲೆ ಹೋಗಿ ಅಲ್ಲೇ ನಿಂತಿತು. ಬಾಳಿನುದ್ದಕ್ಕೂ ಬೇಡವೆಂದು ಕಲಿತ ಕೈ ಅದು. ಆಮೇಲೆ ಇಳಿಯಿತು. ಗುಂಯ್ ಎಂದು ಎದ್ದ ಸದ್ದು ಕಣ ದಾಟಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಸಾಲಿಗೆ ಹೋಗಿ ಮುಟ್ಟಿತು.

ಗಿರಿಜಮ್ಮ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. "ಇಷ್ಟು ವರ್ಷ ಇದ್ರೊಳಗೆ ಇದಿತ್ತಾ?" ಎಂದರು ಮೆಲ್ಲಗೆ.

ನನಗೆ ಅಳು ಬಂತು. ಅಂದು ಅವರು ಹಾಡಿದರು, ನಾನು ಬಾರಿಸಿದೆ. ಮೂರನೆಯ ಮಳೆ ಬಂತು. ಉಪ್ಪು ನೀರಾಯಿತು, ಪೆಟ್ಟಿಗೆಯ ದನಿ ಮಾತ್ರ ಹಾಗೇ ನಿಂತಿತು. ವರ್ಗಾವಣೆಯ ಮಾತು ನಾನು ಎತ್ತಲೇ ಇಲ್ಲ.

ಮುಂದಿನ ಬೇಸಿಗೆಗೆ ಪೆಟ್ಟಿಗೆಯನ್ನೂ ಹಾಳಾದ ಡೋಲಕ್ಕನ್ನೂ ಊರಿಗೆ ಒಯ್ದೆ. ನಮ್ಮ ಬಿಸಿಲಿಗೆ ಪೆಟ್ಟಿಗೆಯ ಹಲಗೆ ಒಣಗಿ ಸಂದು ಬಿಟ್ಟು, ಬಾರಿಸಿದರೆ ಗರಗರ ಎನ್ನತೊಡಗಿತು. ಮಾವ ಕಿವಿಯಿಟ್ಟು ಕೇಳಿ, "ಇದು ಅಲ್ಲೀದವ್ವ, ಅಲ್ಲೇ ಇರಲಿ. ಡೋಲಕ್ ಇಲ್ಲಿರಲಿ," ಎಂದು ನನ್ನ ಡೋಲಕ್ಕನ್ನು ತಮ್ಮ ಗೋಡೆಗೆ ತೂಗುಹಾಕಿಕೊಂಡರು. ನಾನು ಎಲ್ಲಿರಬೇಕೆಂದು ಅವರು ಹೇಳಲಿಲ್ಲ.

ಮರುದಿನ ಮಾವನ ಹೆಂಡತಿ, ನಮ್ಮ ಅತ್ತೆಯ ಜೊತೆ ಸಂತೆಗೆ ಹೋದೆ. ಶೇಂಗಾ ಮಾರುವ ಮುದುಕಿ ಸೇರು ತುಂಬಿದಳು. ಅತ್ತೆ ಯಾವಾಗಿನ ಹಾಗೆ ಅದನ್ನು ತಟ್ಟಲು ಕೈ ಎತ್ತಿದರು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ.

"ಬಡೀಬಾರ್ದು ಅತ್ತೆ," ಎಂದೆ. ಬಾಯಿಗೆ ಬಂದದ್ದು ಜಾವಳಿಯ ಮಾತು.

ಅತ್ತೆ ಕೈ ಬಿಡಿಸಿಕೊಂಡು ನನ್ನ ಮುಖವನ್ನೇ ನೋಡಿದರು. ಮುದುಕಿಯೂ ತಲೆಯೆತ್ತಿ ನೋಡಿದಳು. ಆಮೇಲೆ ಅತ್ತೆಯನ್ನು ಕೇಳಿದಳು, "ಯಾ ಊರಾಕಿರಿ ಈಕಿ?"