ಮೆಹನಾಜ ‘ಗೊತ್ತಿಲ್ಲ’ ಎಂದ ದಿನ

ಬೆಟಗೇರಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ಬೈಗುಳ ತಿನ್ನುವುದು ಕರೆಂಟು, ಆಮೇಲೆ ಮನೆಯ ಮಕ್ಕಳು. ಕೊನೆಗೆ ಎಲ್ಲರೂ ಬರುವುದು ಮೆಹನಾಜಳ ಅಂಗಡಿಗೆ. ಅವಳ ಅಪ್ಪ ರೇಡಿಯೊ ಬಿಚ್ಚುತ್ತಿದ್ದ ಮೇಜಿನ ಮೇಲೆಯೇ ಈಗ ಅವಳು ಲ್ಯಾಪ್‌ಟಾಪ್ ಬಿಚ್ಚುತ್ತಾಳೆ. ಹನ್ನೊಂದು ವರ್ಷದಲ್ಲಿ ಗಿರಾಕಿಯ ಮುಂದೆ ಒಮ್ಮೆಯೂ ‘ಗೊತ್ತಿಲ್ಲ’ ಎಂದವಳಲ್ಲ. ಹೆಣ್ಣುಮಗಳ ಬಾಯಲ್ಲಿ ಆ ಮಾತು ಬಂದರೆ ಗಿರಾಕಿ ಮರುದಿನವೇ ಎದುರಿನ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ ಎಂಬುದು ಅವಳ ಎಣಿಕೆ. ಎಣಿಕೆ ತಪ್ಪೇನಲ್ಲ, ನಮ್ಮ ಜನ ಹಾಗೆಯೇ.

ಅವತ್ತು ಮಧ್ಯಾಹ್ನ ಎದುರು ಕೂತಿದ್ದವನು ನೇಕಾರ ಉಡಚಪ್ಪ. ಸೀರೆ ಅಂಚಿನ ಇನ್ನೂರಕ್ಕೂ ಹೆಚ್ಚು ನಕಾಶೆಗಳನ್ನು ಅವನ ಅಪ್ಪ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಇಟ್ಟುಹೋಗಿದ್ದ. ಅವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಉಡಚಪ್ಪ ರಟ್ಟುಗಳನ್ನು ಒಲೆಗೆ ಹಾಕಿ, ತಿಂಗಳುಗಟ್ಟಲೆ ಬಿಸಿನೀರು ಮಿಂದಿದ್ದ. ಎಂಥ ಬುದ್ಧಿವಂತ ನೋಡಿ.

ಆ ಕಂಪ್ಯೂಟರಿನಲ್ಲಿ ನಕಾಶೆಗಳಿದ್ದ ಡಿಸ್ಕ್ ಈಗ ಕೆಟ್ಟುಹೋಗುವ ಹಾದಿಯಲ್ಲಿತ್ತು. ಮೆಹನಾಜ ಹೊಸ ಎಸ್‌ಎಸ್‌ಡಿ ಡಿಸ್ಕನ್ನು, ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯೊಂದರಲ್ಲಿ ಕೂರಿಸಿ, ಎಲ್ಲವನ್ನೂ ಅದಕ್ಕೆ ಇಳಿಸಿಕೊಂಡಳು. ಇಳಿಸುವುದು ಮುಗಿಯುತ್ತಲೇ ಹಳೆಯ ಡಿಸ್ಕ್ ಪೂರ್ತಿ ತಣ್ಣಗಾಯಿತು. ಹೊಸದನ್ನು ಡಬ್ಬಿಯಿಂದ ತೆಗೆದು ಕಂಪ್ಯೂಟರಿನೊಳಗೆ ಜೋಡಿಸಿದಳು. ಪರದೆಯ ಮೇಲೆ ಬಂದದ್ದು ಒಂದೇ ಮಾತು: ಡಿಸ್ಕ್ ಖಾಲಿ ಇದೆ, ಹೊಸದಾಗಿ ಸಿದ್ಧಪಡಿಸಲೇ?

ಅವಳು ಡಿಸ್ಕನ್ನು ತೆಗೆದು ಮತ್ತೆ ಹಾಕಿದಳು. ವೈರು ಬದಲಿಸಿದಳು. ಮತ್ತೆ ಅದೇ ಪ್ರಶ್ನೆ.

“ಏನ ಕೇಳಾಕ ಹತ್ತೇತಿ ಅದು?” ಉಡಚಪ್ಪ ಕುತ್ತಿಗೆ ಚಾಚಿದ.

“ಸಿದ್ಧ ಮಾಡ್ಲೇನು ಅಂತೈತಿ, ಕಾಕಾ.”

“ಮತ್ತ ಹೂಂ ಅನ್ನವಾ. ಜಲ್ದಿ ಮುಗೀತದ.”

ಅವಳ ಬೆರಳು ಮೌಸಿನ ಮೇಲೇ ಇತ್ತು. ಹೂಂ ಎಂದರೆ ಡಿಸ್ಕ್ ಸರಿಯಾದಂತೆ ಕಾಣುತ್ತದೆ, ನಕಾಶೆ ಹೋದದ್ದನ್ನು ಹಳೆಯ ಡಿಸ್ಕಿನ ತಲೆಗೆ ಕಟ್ಟಿದರೆ ಮರ್ಯಾದೆಯೂ ಉಳಿಯುತ್ತದೆ. ಆದರೆ ಒಳಗೆ ಏನಾದರೂ ಉಳಿದಿದ್ದರೆ ಅದೂ ಅಳಿಸಿಹೋದೀತು. ಅವಳಿಗೆ ಖರೆಯಾಗಿಯೂ ಭಯವಾಯಿತು. ಬೆರಳು ತೆಗೆದಳು.

“ಕಾಕಾ, ಎಲ್ಲಾ ಇಳಿಸಿದ್ದು ನಾನs ನೋಡೀನಿ. ಈಗ ಯಾಕ ಕಾಣವಲ್ದು, ನಂಗ ಗೊತ್ತಿಲ್ಲ.”

ಉಡಚಪ್ಪನ ಮುಖ ಬಿಳಿಚಿತು. ಎದ್ದುಹೋಗುತ್ತಾನೆ ಅಂದುಕೊಂಡಳು. ಅವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

“ಇಳಿಸೂ ಮುಂದ ಏನಿತ್ತು, ಈಗೇನಿಲ್ಲ? ಅಷ್ಟ ಹೇಳು.”

“ಡಬ್ಬಿ ಒಂದು ಇಲ್ಲ.”

“ಹಂಗಾರ ಹಣಿಗಿ ಬದಲಾಗಿರಬೇಕು ನೋಡು,” ಎಂದ. ಹಣಿಗೆ ಎಂದರೆ ಮಗ್ಗದಲ್ಲಿ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆ. “ನಕಾಶಿ ಅದs ಇರ್ತದ, ಎಳಿನೂ ಅದs. ಹಣಿಗಿ ಸಂದಿ ಬ್ಯಾರೆ ಆದ್ರ ಹೂ ಮೂಡೂದಿಲ್ಲ.”

ಮೆಹನಾಜ ಡಬ್ಬಿಯನ್ನು ಕೈಗೆತ್ತಿಕೊಂಡಳು. ಡಿಸ್ಕಿನ ಜಾಗವನ್ನು ಕಂಪ್ಯೂಟರ್ ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಎಣಿಸುತ್ತದೆ. ಡಿಸ್ಕನ್ನು ಮತ್ತೆ ಡಬ್ಬಿಯೊಳಗೆ ಕೂರಿಸಿ ತುಂಡಿನ ಅಳತೆ ಎಷ್ಟೆಂದು ಕಂಪ್ಯೂಟರನ್ನೇ ಕೇಳಿದಳು: ನಾಲ್ಕು ಸಾವಿರದ ತೊಂಬತ್ತಾರು ಬೈಟು. ಕಂಪ್ಯೂಟರಿನೊಳಗೆ ಅದೇ ಡಿಸ್ಕ್ ತೋರಿಸಿದ್ದು ಐನೂರಾ ಹನ್ನೆರಡು. ಡಬ್ಬಿ ದೊಡ್ಡ ತುಂಡಿನಲ್ಲಿ ಎಣಿಸಿ ಬರೆದಿಟ್ಟ ವಿಳಾಸವನ್ನು ಕಂಪ್ಯೂಟರ್ ಸಣ್ಣ ತುಂಡಿನಲ್ಲಿ ಎಣಿಸಿ ಹುಡುಕಿತ್ತು. ಮನೆ ಸಿಗದೆ, ಊರೇ ಇಲ್ಲ ಎಂದಿತ್ತು.

ಡಬ್ಬಿಯ ಮೂಲಕ ತೆರೆದಳು. ಇನ್ನೂರಾ ಹದಿನಾಲ್ಕು ಅಂಚುಗಳು ಸಾಲಾಗಿ ಬಂದು ನಿಂತವು. ಉಡಚಪ್ಪ ಕೋಟೆಯ ತೆನೆಗಳ ಸಾಲಿನಂಥ ಒಂದನ್ನು ಬೆರಳಿಂದ ಮುಟ್ಟಿ, “ಇದು ಅಪ್ಪನ ಕ್ವಾಟಿ ಅಂಚು,” ಎಂದ.

ಇನ್ನೊಂದು ಡಿಸ್ಕನ್ನು ನೇರವಾಗಿ ಕಂಪ್ಯೂಟರಿನೊಳಗೆ ಜೋಡಿಸಿ, ಅದನ್ನು ಅಲ್ಲಿಯ ಅಳತೆಯಲ್ಲೇ ಸಿದ್ಧಪಡಿಸಿ, ಒಂದೊಂದಾಗಿ ಎಲ್ಲವನ್ನೂ ಅದಕ್ಕೆ ಸಾಗಿಸಿದಳು. ಡಬ್ಬಿಯಲ್ಲಿದ್ದದ್ದನ್ನು ಅಳಿಸದೆ ಹಾಗೆಯೇ ಅವನ ಕೈಗಿಟ್ಟಳು.

“ಇದನ್ನರ ಒಲಿಗೆ ಹಾಕಬ್ಯಾಡ್ರಿ, ಕಾಕಾ.”

ಅವನು ನಗಲಿಲ್ಲ. “ಆವಾಗ ಹೂಂ ಅಂದಿದ್ರ?”

“ನಾ ಮ್ಯಾಲ ಬ್ಯಾರೆ ಏನರ ಬರದಿರ್ತಿದ್ದೆ. ಇವು ಹ್ವಾದಂಗs ಇತ್ತು.”

ಉಡಚಪ್ಪ ಡಬ್ಬಿಯನ್ನು ಅಂಗಿಯ ಒಳಜೇಬಿಗೆ ಇಳಿಸಿ ಎದ್ದ.

“ನಮ್ಮ ಓಣ್ಯಾಗ ಇನ್ನೂ ನಾಕು ಮನಿ ಕಂಪ್ಯೂಟರ್ ಅದಾವು,” ಎಂದ. “ಗೊತ್ತಿಲ್ಲ ಅನ್ನಾಕ ಬರೂವಾಕಿ ಒಬ್ಬಾಕಿ ಅದಾಳ, ಅಲ್ಲೇ ಹೋಗ್ರಿ ಅಂತ ಹೇಳ್ತೇನಿ.”