ಫರಸಿಗೂಡಿನಲ್ಲಿ ಕೂಡಿಹಾಕಿದ ಹೊರಪೆಟ್ಟಿಗೆ

ಏರ್ ಕಂಡೀಷನರಿನ ಹೊರಪೆಟ್ಟಿಗೆಯನ್ನು ಬಯಲಿನಲ್ಲಿಡಬೇಕೆಂದು ತಿಳಿಯಲು ಪದವಿ ಬೇಕಾಗಿಲ್ಲ. ಕೋಣೆಯ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುವುದು ಅದರ ಕೆಲಸ. ಚೆಲ್ಲಲು ಜಾಗ ಬೇಕು. ತೊಂಬತ್ತರ ದಶಕದ ಕೊನೆಯಲ್ಲಿ, ಆಳಂದದ ನಮ್ಮ ಸುಧಾರಣಾ ಸಂಘದ ಅಧ್ಯಕ್ಷರಿಗೆ ಇಷ್ಟು ಹೊಳೆಯಲಿಲ್ಲ. ಊರಿಗೇ ಅಪರೂಪವಾಗಿದ್ದ ಆ ಯಂತ್ರವನ್ನು ಹಿತ್ತಲಿನಲ್ಲಿಟ್ಟರೆ ಯಾರು ನೋಡಬೇಕು? ರಸ್ತೆಗೆ ಕಾಣುವಂತೆ ತಮ್ಮ ಮನೆಯ ಮುಂಬಾಗಿಲಿನ ಪಕ್ಕದಲ್ಲಿಟ್ಟರು. ಧೂಳು ಕೂರಬಾರದೆಂದು ಸುತ್ತಲೂ ಮೇಲೂ ನುಣುಪಾದ ಶಹಾಬಾದ್ ಫರಸಿಕಲ್ಲು ನಿಲ್ಲಿಸಿ, ಎದುರಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿಸಿ, ಅದಕ್ಕೊಂದು ಬೀಗ ಜಡಿದರು. ಕಲ್ಲಿಗೆ ಕೈಮುಗಿಯುವವರನ್ನು ವೇದಿಕೆಯಲ್ಲಿ ಹಂಗಿಸುತ್ತಿದ್ದ ಮಹನೀಯರು ತಗಡಿನ ಡಬ್ಬಿಗೆ ಕಲ್ಲಿನ ಗುಡಿ ಕಟ್ಟಿದರು.

ಆ ತಂಪು ಕೋಣೆಯಲ್ಲಿ ನಮ್ಮ ಸಭೆಗಳು ನಡೆಯುತ್ತಿದ್ದವು. ಕಾಯಕದ ಘನತೆಯನ್ನು ಕುರಿತು ಅಧ್ಯಕ್ಷರು ಮಾತನಾಡುವರು. ಕಾರ್ಯದರ್ಶಿಯಾದ ನಾನು, ಕಾಲೇಜಿನ ಭೌತಶಾಸ್ತ್ರದ ಮಾಸ್ತರ, ಬರೆದುಕೊಳ್ಳುವೆನು. ಅವರ ಮನೆಯ ಆಳು ಚಹಾ ತಂದುಕೊಡುವನು. ಹತ್ತಿರದ ಸರಸಂಬಾ ಹಳ್ಳಿಯ ಆತ ಐವತ್ತು ದಾಟಿದವನು, ಆ ಮನೆಯಲ್ಲಿಯೇ ಕೂದಲು ನರೆಸಿಕೊಂಡವನು.

ಒಂದು ಬೇಸಿಗೆಯ ಮಧ್ಯಾಹ್ನ, ಸಭೆಯ ನಡುವೆಯೇ ಯಂತ್ರ ನಿಂತಿತು. ಮುಂದಿನ ಸಭೆಯ ದಿನ ಸೊಲ್ಲಾಪುರದಿಂದ ಮಿಸ್ತ್ರಿಯನ್ನು ಕರೆಸಿದರು. ಆತ ಜಾಳಿಗೆ ತೆರೆದು, ಫರಸಿಯ ಮೇಲಿನ ನೀರಿನ ಬಿಳಿ ಕಲೆ ನೋಡಿ, ಯಾವ ಮೀಟರನ್ನೂ ಹೊರತೆಗೆಯದೆ ತೀರ್ಪು ಕೊಟ್ಟ.

“ಸೆನ್ಸರ್ ಖರಾಬ್ ಆಗ್ಯದ್ರಿ ಸಾಹೇಬ್ರ. ಯಾರೋ ನೀರ ಹೊಡದಾರ.”

ಸೆನ್ಸರ್ ಎಂದರೆ ಪೆಟ್ಟಿಗೆಯೊಳಗಿನ ಕೊಳವೆಗೆ ಅಂಟಿಕೊಂಡಿರುವ ತೊಗರಿಕಾಳಿನಷ್ಟು ಗಾತ್ರದ ವಸ್ತು. ಕೊಳವೆಯ ಬಿಸಿ ಮಿತಿಮೀರಿತೆಂದು ಅದು ಸುದ್ದಿ ಕೊಟ್ಟರೆ ಯಂತ್ರ ತಾನಾಗಿ ನಿಲ್ಲುತ್ತದೆ.

ಅಧ್ಯಕ್ಷರು ಆಳನ್ನು ಎಲ್ಲರೆದುರು ಕರೆದರು. “ನೀರ ಹಾಕಿದಿ ಏನಲೇ?”

“ಹೌದ್ರಿ ಧಣ್ಯಾರ. ಹೊತ್ತ ನೆತ್ತಿಗಿ ಬಂದ್ರ ಅದರ ಮೈ ಕೆಂಡ ಆಗ್ತದ್ರಿ. ದಿನಾ ಎರಡ್ ತಂಬಗಿ ಹಾಕ್ತೇನಿ, ಸುಮ್ಮ ಓಡ್ತದ. ಅದು ನಿಂತ ದಿನ ಚಾ ಕೊಡೂದ್ರಾಗ ಹಾಕಲಾಕ ಆಗಿದ್ದಿಲ್ರಿ.”

“ಎಮ್ಮಿ ಅಂತ ತಿಳಕೊಂಡಾನ್ರಿ, ಮೈ ತೊಳೀಲಾಕ!” ಎಂದನೊಬ್ಬ ಸದಸ್ಯ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಳು ಹೇಳಿದ ಕೊನೆಯ ಮಾತಿನಲ್ಲಿ ಇಡೀ ಪ್ರಶ್ನೆಗೆ ಉತ್ತರವಿತ್ತು. ಭೌತಶಾಸ್ತ್ರ ಕಲಿಸುವ ನನ್ನ ಕಿವಿಗೆ ಅದು ಬೀಳಲಿಲ್ಲ. “ಮಷೀನ ಕೆಡಿಸಿದಾವ ನೀನ, ನಡಿ ಹೊರಗ” ಎಂದರು ಅಧ್ಯಕ್ಷರು. ಆಳು ತನ್ನ ಬಳಿಯಿದ್ದ ಗೂಡಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದ. ಮಷೀನು ಕೆಡಿಸಿದವನೆಂಬ ಹೆಸರು ಆತನಿಗಿಂತ ಮೊದಲೇ ಪೇಟೆ ಸುತ್ತಿತು. ಆಮೇಲೆ ಆಳಂದದ ಯಾವ ದೊಡ್ಡ ಮನೆಯೂ ಆತನನ್ನು ಹೊಸ್ತಿಲು ದಾಟಿಸಲಿಲ್ಲ.

ಹೊಸ ಸೆನ್ಸರ್ ಬಂತು. ಯಂತ್ರ ಮರುದಿನ ಮಧ್ಯಾಹ್ನವೇ ನಿಂತಿತು, ಅದರ ಮರುದಿನವೂ. ಮಿಸ್ತ್ರಿ ಫೋನಿನಲ್ಲಿ, “ಇನ್ನೊಂದು ಸೆನ್ಸರ್ ಹಾಕೋಣ್ರಿ” ಎಂದ. ಆಗ ನನಗೆ ನಾಚಿಕೆಯಾಯಿತು. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಸಾಕ್ಷ್ಯವನ್ನು ತೂಗಿ ನೋಡದೆ ಒಪ್ಪಬಾರದೆಂದು ಕಲಿತವನು, ಮೀಟರನ್ನೂ ಮುಟ್ಟದ ಸೋಮಾರಿ ಮಿಸ್ತ್ರಿಯ ಮಾತನ್ನು ಹಾಗೇ ನುಂಗಿಬಿಟ್ಟಿದ್ದೆ.

ಮುಂದಿನ ಸಭೆಗೆ ಕಾಲೇಜಿನ ಪ್ರಯೋಗಾಲಯದಿಂದ ಮೀಟರ್ ತಂದೆ. ಮಿಸ್ತ್ರಿ ಕಿಟಕಿಯಲ್ಲಿ ಎಸೆದುಹೋಗಿದ್ದ ಹಳೆಯ ಸೆನ್ಸರನ್ನೂ ಪೆಟ್ಟಿಗೆಯಿಂದ ಬಿಚ್ಚಿದ ಹೊಸದನ್ನೂ ಒಂದೇ ಬಟ್ಟಲಿನ ಐಸ್ ನೀರಿನಲ್ಲಿ ಅದ್ದಿದೆ, ಅನಂತರ ಬಿಸಿನೀರಿನಲ್ಲಿ. ತಣ್ಣೀರಿನಲ್ಲಿ ಎರಡರ ವಿದ್ಯುತ್ ರೋಧವೂ ಏರಿತು, ಬಿಸಿನೀರಿನಲ್ಲಿ ಎರಡರದೂ ಇಳಿಯಿತು, ಅಂಕಿಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಳೆಯದು ಕೆಟ್ಟೇ ಇರಲಿಲ್ಲ. ಬಿಸಿಯಾಗಿದೆ ಎಂದು ಅದು ಹೇಳಿದ್ದು ನಿಜವಾಗಿಯೇ ಬಿಸಿಯಾಗಿದ್ದರಿಂದ. ಹೊಸದನ್ನು ಮರಳಿ ಜೋಡಿಸಿ ಯಂತ್ರ ಹಚ್ಚಿ, ಸದಸ್ಯರಿಗೆ ಗೂಡಿನೊಳಗೆ ಕೈ ಹಾಕಲು ಹೇಳಿದೆ. ಉಗುಳಿದ ಬಿಸಿಗಾಳಿ ಫರಸಿಗೆ ಬಡಿದು ತಿರುಗಿ, ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬೆನ್ನಿಗೇ ಸೇರುತ್ತಿತ್ತು. ಆಳು ಎರಡು ತಂಬಿಗೆ ನೀರು ಹಾಕುತ್ತಿದ್ದರಿಂದಲೇ ನಾವು ಇಷ್ಟು ದಿನ ಕಾಯಕದ ಘನತೆಯನ್ನು ತಂಪಾಗಿ ಚರ್ಚಿಸಿದ್ದೆವು.

“ಗೂಡು ಒಡಿಸ್ರಿ, ಆತನ ಮೇಲಿನ ಮಾತು ಹಿಂತೆಗೆದುಕೊಳ್ರಿ” ಎಂದೆ.

“ಫರಸಿ ಒಡದ್ರ ಮಂದಿ ಏನಂದಾರ್ರಿ ಮಾಸ್ತರ?” ಅಧ್ಯಕ್ಷರು ಮೀಸೆ ಸವರಿದರು. “ನೀರೇ ಬೇಕಂದ್ರ ಅವನ್ನ ಬಾ ಅನ್ರಿ. ಬಂದು ಹಾಕಲಿ.”

ಅಂದರೆ ತಪ್ಪು ಯಾರದೂ ಅಲ್ಲ. ತಂಬಿಗೆ ಹಿಡಿಯಲು ಒಂದು ಕೈ ಬೇಕಾಗಿದೆ, ಅಷ್ಟೇ. ಇಂಥ ಜಾಣತನವನ್ನು ನಾವು ಅಧ್ಯಕ್ಷಪೀಠದಲ್ಲಿ ಕೂರಿಸಿ ಹಾರ ಹಾಕಿದ್ದೆವು.

ಆ ಸಂದೇಶ ಹೊತ್ತು ನಾನೇ ಸರಸಂಬಾಕ್ಕೆ ಹೋದೆ. ಆತ ಯಾರದೋ ಹೊಲದಲ್ಲಿ ಬದು ಕಟ್ಟುತ್ತಿದ್ದ. ಮೀಟರಿನ ಕತೆಯೆಲ್ಲ ಹೇಳಿದೆ. ಆತ ಸಲಿಕೆ ನೆಲಕ್ಕೆ ಊರಿ ಪೂರ್ತಿ ಕೇಳಿಸಿಕೊಂಡ.

“ನಾ ಕೆಡಿಸಿಲ್ಲಂತ ಧಣ್ಯಾರು ಬಾಯಿ ಬಿಟ್ಟು ಅಂದಾರೇನ್ರಿ?”

“ಇಲ್ಲ. ಬಾ ಅಂದಾರ.”

“ಅವತ್ತ ಯಾರ ಮುಂದ ಅಂದಾರೋ ಅವರ ಮುಂದ ಅನ್ಲಿ. ಬರ್ತೇನಿ.”

“ಅವರು ಅನ್ನದಿದ್ರ ಸಭಾದಾಗ ನಾ ಅಂತೇನಿ.”

ಆತ ನನ್ನನ್ನು ನೋಡಿದ. ಸಿಟ್ಟೇನೂ ಇರಲಿಲ್ಲ. “ನೀವು ಅಂದು ಏನ್ ಮಾಡ್ತೀರಿ ಮಾಸ್ತರ? ನೀವೂ ಅಲ್ಲೇ ಕುಂತು ನಗಾಕತ್ತಿದ್ರಿ.” ಸಲಿಕೆ ಎತ್ತಿ ಮತ್ತೆ ಮಣ್ಣಿಗೆ ಹಾಕಿದ.

ಆತನ ಷರತ್ತನ್ನು ಅಕ್ಷರಶಃ ಅಧ್ಯಕ್ಷರಿಗೆ ಮುಟ್ಟಿಸಿದೆ. ಅವರು ಮನೆಯ ಇನ್ನೊಬ್ಬ ಆಳನ್ನು ಕೂಗಿ ತಂಬಿಗೆ ತೋರಿಸಿದರು. ಬೇರೆ ಆಳುಗಳಿಗೂ ಕತೆ ತಿಳಿದುಹೋಗಿತ್ತು. ಆ ತಂಬಿಗೆಯನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಆ ಬೇಸಿಗೆಯುದ್ದಕ್ಕೂ, ಒಂದೇ ಒಂದು ವಾಕ್ಯ ನುಡಿಯಲಾರದ ನಮ್ಮ ಅಧ್ಯಕ್ಷರು, ಹೊತ್ತು ನೆತ್ತಿಗೇರಿದಾಗ ಇಸ್ತ್ರಿಯ ಧೋತರ ಎತ್ತಿ ಕಟ್ಟಿ, ನಡುರಸ್ತೆಗೆ ಬೆನ್ನು ಮಾಡಿ, ತಮ್ಮ ಕೈಯಾರೆ ತಂಬಿಗೆಯಿಂದ ಡಬ್ಬಿಯ ಮೇಲೆ ನೀರು ಸುರಿದರು.

“ಏನ್ರಿ ಗೌಡ್ರ, ಜಳಕ ಆತೇನ್ರಿ ಅದಕ್ಕ?” ಎಂದು ಹೋಗುವವರು ಬರುವವರು ಕೇಳುತ್ತಿದ್ದರು.

ಅವರು ಇನ್ನೊಂದು ತಂಬಿಗೆ ತುಂಬಿಕೊಳ್ಳುತ್ತಿದ್ದರು.