ಹೆಕ್ಸೇನ್ ಮತ್ತು ಅಮ್ಮನ ಪಾದಗಳು

ಬಂಗಾರಪೇಟೆ ರೈಲು ನಿಲ್ದಾಣದ ಮೇಲ್ಸೇತುವೆ ಹತ್ತುವಾಗ ಅಮ್ಮನ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಸಿಮೆಂಟಿನ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುತ್ತಲೇ ಹೋದಳು. ಕಾಮಸಮುದ್ರದ ನೆಂಟರ ಮನೆಗೆ ಹೊರಟಿದ್ದೆವು. ಹಿಂದೆ ಬರುತ್ತಿದ್ದ ನಾನು ಚಪ್ಪಲಿ ಎತ್ತಿಕೊಂಡು ಕೂಗಿದಾಗ ತಿರುಗಿದಳು. ಮೊದಲು ನನ್ನ ಕೈ ನೋಡಿದಳು, ಆಮೇಲೆ ತನ್ನ ಕಾಲು.

"ನೋಡಮ್ಮಿ, ಊರೋರ ಚಪ್ಲಿಯೆಲ್ಲ ನಾನು ಅಂಟಿಸ್ತೀನಿ, ನನ್ ಚಪ್ಲಿ ನನ್ ಕಾಲಲ್ಲಿ ನಿಲ್ಲಲ್ಲ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಸುಡುವ ಸಿಮೆಂಟು ಅವಳ ಅಂಗಾಲಿಗೆ ತಿಳಿದಿರಲಿಲ್ಲ.

ಅಮ್ಮ ಆಂಡರ್ಸನ್‌ಪೇಟೆಯ ಒಂದು ಓಣಿಯ ಶೆಡ್ಡಿನಲ್ಲಿ ಚಪ್ಪಲಿಗೆ ಅಟ್ಟೆ ಅಂಟಿಸುತ್ತಿದ್ದಳು. ಏಳು ಜನ ಹೆಂಗಸರು ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರ ಮುಂದೆ ಒಂದು ಡಬ್ಬಿ ಸೊಲ್ಯೂಷನ್ ಎಂಬ ರಬ್ಬರ್ ಅಂಟು, ಒಂದು ಬ್ರಷ್. ಸೊಲ್ಯೂಷನ್ ಗಟ್ಟಿಯಾದರೆ ಕ್ಯಾನಿನಿಂದ ತಿನ್ನರ್ ಸುರಿದು ಕಲಸುತ್ತಾರೆ. ಸಂಜೆ ಅದೇ ತಿನ್ನರಿನಲ್ಲಿ ಬಟ್ಟೆ ಅದ್ದಿ ಬೆರಳಿನ ಅಂಟು ಒರೆಸಿಕೊಳ್ಳುತ್ತಾರೆ. ತಲೆಯ ಮೇಲೆ ಫ್ಯಾನ್ ಇದೆ, ಆದರೆ ಅದು ತಿರುಗುವುದು ಟೀ ಕುಡಿಯುವಾಗ ಮಾತ್ರ. ಗಾಳಿ ತಗುಲಿದರೆ ಬಳಿದ ಸೊಲ್ಯೂಷನ್ ಅಟ್ಟೆ ಕೂರಿಸುವ ಮೊದಲೇ ಒಣಗಿಹೋಗುತ್ತದೆ. ಅದಕ್ಕೇ ಕಿಟಕಿಗೂ ರಟ್ಟು ಹೊಡೆದಿದ್ದರು.

ಆ ತಿನ್ನರ್ ಎಂದರೆ ಹೆಕ್ಸೇನ್. ಅದರ ಗುಣಗಳು ನನಗೆ ಬಾಯಿಪಾಠ. ಆರು ಇಂಗಾಲ, ಹದಿನಾಲ್ಕು ಜಲಜನಕ. ಬಣ್ಣವಿಲ್ಲದ, ನೀರಿಗಿಂತ ಹಗುರವಾದ, ನೀರಿನೊಂದಿಗೆ ಬೆರೆಯದ ದ್ರವ. ಎಣ್ಣೆ, ಜಿಡ್ಡು, ರಬ್ಬರಿನ ಅಂಟು ಕರಗಿಸುತ್ತದೆ. ಬೀಜಗಳಿಂದ ಎಣ್ಣೆ ತೆಗೆಯಲು ಬಳಕೆಯಾಗುತ್ತದೆ. ತೆರೆದಿಟ್ಟರೆ ಕಲೆಯನ್ನೂ ಉಳಿಸದೆ ಆವಿಯಾಗುತ್ತದೆ. ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರವೇ ನಿಲ್ಲುತ್ತದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ನೆಲದ ಹತ್ತಿರ ಯಾರು ಕೂತಿರುತ್ತಾರೆ ಎಂದು ಪ್ರಶ್ನೆಪತ್ರಿಕೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ನನ್ನ ಸಿಟ್ಟು ಮೊದಲು ನನ್ನ ಮೇಲೇ. ಬಿ.ಎಸ್ಸಿ ಎರಡನೇ ವರ್ಷದಲ್ಲಿದ್ದಾಗ, ಅಮ್ಮನ ಜೊತೆ ಅದೇ ಶೆಡ್ಡಿಗೆ ಹೋಗುವ ಪಕ್ಕದ ಮನೆಯ ಅಕ್ಕನಿಗೆ ದಿನಾ ತಲೆನೋವು ಬರುತ್ತಿತ್ತು. ಅಮ್ಮ ಕ್ಯಾನಿನ ಲೇಬಲ್ಲಿನ ಒಂದು ಚೂರನ್ನು ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು ನನಗೆ ತೋರಿಸಿದಳು. ಹೆಕ್ಸೇನ್ ಎಂದು ಬರೆದಿತ್ತು. ನಮ್ಮ ಲ್ಯಾಬಿನಲ್ಲಿ ಬೆಂಜೀನ್ ಅಪಾಯವೆಂದು ಅದನ್ನು ತೆಗೆದು, ಹೆಕ್ಸೇನ್ ಇಟ್ಟ ವರ್ಷ ಅದು. "ಬೆಂಜೀನ್ ಆದ್ರೆ ಕೆಟ್ಟದ್ದಮ್ಮ. ಇದು ಪರವಾಗಿಲ್ಲ," ಎಂದೆ, ಪುಸ್ತಕದಿಂದ ತಲೆ ಪೂರ್ತಿ ಎತ್ತದೆ. ಲ್ಯಾಬಿನಲ್ಲಿ ನಾವು ಅದನ್ನು ಮುಟ್ಟುತ್ತಿದ್ದದ್ದು ವಾರಕ್ಕೊಮ್ಮೆ, ಕಿಟಕಿಗಳನ್ನು ತೆರೆದಿಟ್ಟುಕೊಂಡು. ಅಮ್ಮ ದಿನಕ್ಕೆ ಎಷ್ಟು ಗಂಟೆ ಅದರ ಪಕ್ಕ ಕೂರುತ್ತಾಳೆ ಎಂದು ನಾನು ಕೇಳಲಿಲ್ಲ.

ಅಮ್ಮ ನನ್ನ ಮಾತನ್ನು ಶೆಡ್ಡಿಗೆ ತೆಗೆದುಕೊಂಡು ಹೋದಳು. ಯಾರಿಗೆ ತಲೆ ಸುತ್ತಿದರೂ, ಹೊಟ್ಟೆ ತೊಳಸಿದರೂ ಹೇಳುತ್ತಿದ್ದಳಂತೆ: "ನಮ್ ಉಡ್ಗಿ ನೋಡವ್ಳೆ. ಏನೂ ಆಗಲ್ಲ ಅಂದವ್ಳೆ."

ಚಪ್ಪಲಿ ಕಳಚಿದ್ದು ಗೊತ್ತಾಗದ ಆ ದಿನದ ನಂತರ ಅಮ್ಮನನ್ನು ಹಲವು ವೈದ್ಯರಿಗೆ ತೋರಿಸಿದೆ. ಕೊನೆಗೆ ಕೋಲಾರದ ನರರೋಗ ವೈದ್ಯರು ಅವಳಿಗೆ ಕಣ್ಣು ಮುಚ್ಚಲು ಹೇಳಿ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಯಾವುದನ್ನು ಮುಟ್ಟಿದೆ ಎಂದು ಕೇಳಿದರು. ಅಮ್ಮ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಸಕ್ಕರೆ ಕಾಯಿಲೆ ಇರಲಿಲ್ಲ. ಏನು ಕೆಲಸ ಎಂದು ಕೇಳಿದವರು ಅವರೊಬ್ಬರೇ. ಹೆಕ್ಸೇನ್ ಮೈಯೊಳಗೆ ಬೇರೆಯದೇ ವಸ್ತುವಾಗಿ ಬದಲಾಗಿ ನರಗಳನ್ನು ಕೆಡಿಸುತ್ತದೆ, ಅತಿ ಉದ್ದದ ನರಗಳು ಮೊದಲು, ಅದಕ್ಕೇ ಪಾದ ಎಂದರು. ಕೆಲಸ ಬಿಡಬೇಕು, ಬಿಟ್ಟ ಮೇಲೂ ಕೆಲವು ತಿಂಗಳು ಹೆಚ್ಚಾಗಬಹುದು, ಆಮೇಲೆ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಇಳಿಯುತ್ತದೆಂದು ಹೇಳಲಾರೆ ಎಂದರು.

ಮರುದಿನ ಶೆಡ್ಡಿಗೆ ಹೋದೆ. ಯಾರ ಎದುರೂ ಹೆಚ್ಚು ಮಾತಾಡುವವಳಲ್ಲ ನಾನು. ಬಾಗಿಲಲ್ಲೇ ನಿಂತು, ಅವತ್ತು ತಪ್ಪು ಹೇಳಿದ್ದೆ, ಇದು ನರಕ್ಕೆ ವಿಷ ಎಂದೆ.

"ಅವತ್ತಿನ ಓದು ಬೇರೆ, ಇವತ್ತಿನ ಓದು ಬೇರೇನಮ್ಮ?" ಎಂದಳು ಅಕ್ಕ. ಸಾಲೆಲ್ಲ ನಕ್ಕಿತು.

ಶೆಡ್ಡಿನ ಯಜಮಾನನಿಗೆ ಹೆಪ್ಟೇನ್ ಎಂಬುದೊಂದಿದೆ ಎಂದು ಹೇಳಿದೆ. ಒಂದು ಇಂಗಾಲ ಹೆಚ್ಚು, ಅಷ್ಟೇ. ಅಂಟನ್ನು ಅದೂ ಕರಗಿಸುತ್ತದೆ, ನರಕ್ಕೆ ಇಷ್ಟು ಹಾನಿ ಮಾಡುವುದಿಲ್ಲ.

"ಒಣಗಕ್ಕೆ ಎಷ್ಟೊತ್ತಾಯ್ತದೆ?"

"ಸ್ವಲ್ಪ ಜಾಸ್ತಿ. ಆದ್ರೆ ಫ್ಯಾನ್ ಹಾಕ್ಕೊಂಡೇ ಕೆಲಸ ಮಾಡಬಹುದು."

"ಬೇಗ ಒಣಗೋದನ್ನ ಬುಟ್ಟು ನಿಧಾನಕ್ಕೆ ಒಣಗೋದು ತಂದು, ಅದಕ್ಕೆ ಫ್ಯಾನ್ ಬೇರೆ ಹಾಕ್ಬೇಕಾ? ನಿಮ್ ಕಾಲೇಜಲ್ಲಿ ಇದೇನಾ ಕಲ್ಸೋದು?"

ಹೆಂಗಸರು ಮತ್ತೆ ನಕ್ಕರು. ಬೇಗ ಒಣಗಲಿ ಎಂದು ಹೆಕ್ಸೇನ್ ತರುವುದು, ಬೇಗ ಒಣಗುತ್ತದೆ ಎಂದು ಫ್ಯಾನ್ ನಿಲ್ಲಿಸುವುದು, ಮುಚ್ಚಿದ ಕೋಣೆಯಲ್ಲಿ ಏಳು ಜನರನ್ನು ನೆಲದ ಮೇಲೆ ಕೂರಿಸುವುದು. ಇದು ಅವನಿಗೆ ಲೆಕ್ಕಕ್ಕೆ ಸರಿಯಾಗಿತ್ತು. ಅವನನ್ನು ಹೊಡೆಯಬೇಕೆನಿಸಿತು. ಮನೆಗೆ ಬಂದೆ.

ಅಮ್ಮ ಕೆಲಸ ಬಿಟ್ಟಳು. ವೈದ್ಯರು ಹೇಳಿದ್ದಂತೆಯೇ ಆಯಿತು: ಕಾಲು ಇನ್ನಷ್ಟು ಸೋತಿತು, ಮಂಡಿ ಮೇಲೆತ್ತಿ ಎತ್ತಿ ನಡೆಯತೊಡಗಿದಳು, ಕೈಯಿಂದ ಲೋಟ ಜಾರತೊಡಗಿತು. ಓಣಿಗೆ ಅಷ್ಟೇ ಸಾಕಾಯಿತು.

"ಕೆಲ್ಸ ಮಾಡೋ ತನಕ ಚೆನ್ನಾಗಿದ್ಲು," ಎಂದು ಅಕ್ಕ ನಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಕೂತ್ಬುಟ್ರೆ ನರ ಇಡ್ಕೊಂತದೆ. ಮಗಳ ಮಾತು ಕೇಳಿ ಕೆಟ್ಳು."

ನಾನು ಉತ್ತರಕ್ಕೆ ಬಾಯಿ ತೆರೆದೆ. ಅಮ್ಮ ಮಾತ್ರ ಅಕ್ಕನ ಕಾಲು ನೋಡುತ್ತಿದ್ದಳು. ಅಕ್ಕ ಚಪ್ಪಲಿಯನ್ನು ಹಿಮ್ಮಡಿಗೆ ಎಲಾಸ್ಟಿಕ್ಕಿನಿಂದ ಬಿಗಿದುಕೊಂಡಿದ್ದಳು.

"ಅದ್ಯಾಕೆ ಕಟ್ಟಿದ್ದೀಯೇ?"

"ಜಾರ್ತದೆ. ಅಳೇದಾಯ್ತಲ್ಲ."

ಮರುದಿನ ಬೆಳಿಗ್ಗೆ ಅಮ್ಮ, ಶೆಡ್ಡಿಗೆ ಕರೆದುಕೊಂಡು ಹೋಗು ಎಂದಳು. ನನ್ನ ಭುಜ ಹಿಡಿದು ಓಣಿ ದಾಟಿದಳು. ಒಳಗೆ ಹೋಗಿ ಅಕ್ಕನ ಎದುರು ಕಷ್ಟಪಟ್ಟು ಕೂತು, ಎಲಾಸ್ಟಿಕ್ ಬಿಡಿಸಿ, ಅವಳ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಕಣ್ ಮುಚ್ಚು. ಯಾವ ಬೆರಳು ಇಡ್ದಿದೀನಿ ಏಳು."

"ಇದೇನೇ ಚಿಕ್ ಮಕ್ಳಾಟ."

"ಮುಚ್ಚೇ."

ಅಮ್ಮ ಕಿರುಬೆರಳು ಹಿಡಿದಳು. ತನ್ನ ಬೆರಳುಗಳಿಗೂ ಸ್ಪರ್ಶ ಗೊತ್ತಾಗದ್ದರಿಂದ ಬಗ್ಗಿ ನೋಡಿ ನೋಡಿ ಹಿಡಿಯುತ್ತಿದ್ದಳು.

"ಎಬ್ಬೆಟ್ಟು," ಎಂದಳು ಅಕ್ಕ.

ಯಾರೂ ನಗಲಿಲ್ಲ. ಅಮ್ಮ ಕೈ ಪೂರ್ತಿ ತೆಗೆದುಬಿಟ್ಟಳು. "ಈಗ?"

"ಈಗ ನಡೂದು." ಆಮೇಲೆ ಅಕ್ಕ ಕಣ್ಣು ತೆರೆದು, ಯಾರೂ ಮುಟ್ಟಿರದ ತನ್ನ ಪಾದವನ್ನು ನೋಡಿದಳು.

"ಏನೂ ಆಗಲ್ಲ ಅಂತ ಏಳಿದ್ದು ನಾನು," ಎಂದಳು ಅಮ್ಮ, ನನ್ನ ಕಡೆ ನೋಡದೆ. "ಈಗ ಆಯ್ತದೆ ಅಂತಾನೂ ನಾನೇ ಏಳ್ತಿದೀನಿ." ಅಲ್ಲಿಂದ ಪಕ್ಕದವಳ ಮುಂದಕ್ಕೆ ಜರುಗಿ ಕೂತಳು. "ನೀನು ಕಾಲು ಕೊಡು."

ಆ ಸಾಲಿನ ಕೊನೆಯಲ್ಲಿದ್ದವಳು ಎದ್ದು ಫ್ಯಾನ್ ಹಾಕಿದಳು.

"ಸೊಲ್ಯೂಷನ್ ಒಣಗೋಯ್ತದೆ," ಎಂದ ಯಜಮಾನ.

"ಒಣಗ್ಲಿ ಬುಡಿ," ಎಂದಳು ಅಕ್ಕ.

ಅಮ್ಮ ಒಬ್ಬೊಬ್ಬರ ಪಾದ ಮುಟ್ಟುತ್ತ ಸಾಲು ಮುಗಿಸುವಷ್ಟರಲ್ಲಿ ಎಲ್ಲ ಡಬ್ಬಿಗಳಲ್ಲೂ ಅಂಟು ಪೊರೆ ಕಟ್ಟಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಕಿಟಕಿಯ ರಟ್ಟು ಇನ್ನೂ ಹಾಗೇ ಇತ್ತು. ಒಳಗೆ ಹೋಗಿ ಅದನ್ನು ಕಿತ್ತೆ.